ಗಂಗಾಮೂಲದಿಂದ ವಾಂಟೇಜಿಗೆ: ಧರ್ಮಾಧಿಕಾರಿಗಳಿಗೆ ಪಂಡಿತಾ ರಮಾಬಾಯಿಯವರ ಉತ್ತರಗಳು

ಪೀಠಿಕೆ

ಮತವನ್ನು ತೊರೆದವರ ಬಗ್ಗೆ ಕನ್ನಡದ ಆಡುನುಡಿಯಲ್ಲಿ ಬಳಕೆಯಾಗುವ ಮಾತುಗಳು ಬಹುಮಟ್ಟಿಗೆ ಎರಡು ಕ್ರಿಯಾಪದಗಳ ಸುತ್ತ ನಿಂತಿವೆ: ‘ಹಾಕು’ ಮತ್ತು ‘ಕೆಡು’. ಕುಲದ ಹಿರಿಯರು, ಮಠದ ಗುರುಗಳು ಒಬ್ಬನನ್ನು ಜಾತಿಯಿಂದ ಹೊರಗೆ ಹಾಕುತ್ತಾರೆ. ಇಲ್ಲವೆ ಅವನೇ ಜಾತಿ ಕೆಡುತ್ತಾನೆ. ಮೊದಲನೆಯದರಲ್ಲಿ ಕರ್ತೃಸ್ಥಾನದಲ್ಲಿ ಇರುವುದು ಸಮುದಾಯ. ಎರಡನೆಯದರಲ್ಲಿ ವ್ಯಕ್ತಿಯೇ ಕರ್ತೃವಾದರೂ ಕ್ರಿಯೆ ಹಾಳಾಗುವ ಕ್ರಿಯೆ. ತಿಳಿದು, ಯೋಚಿಸಿ, ಕಾರಣ ಕೊಟ್ಟು ಹೊರಟವರಿಗೆ ಈ ಮಾತುಗಳಲ್ಲಿ ಸ್ಥಳವಿಲ್ಲ. ಆಚರಣೆಗಳ ಮಟ್ಟದಲ್ಲಿಯೂ ಇದೇ ಸ್ಥಿತಿ. ಬಹಿಷ್ಕಾರಕ್ಕೆ ವಿಧಿಗಳಿದ್ದವು: ಬೆಂಕಿ ನೀರು ಕೊಡದಿರುವುದು, ಪಂಕ್ತಿಯಿಂದ ಎಬ್ಬಿಸುವುದು, ಬದುಕಿರುವವರನ್ನೇ ಸತ್ತವರೆಂದು ಭಾವಿಸಿ ಮಡಕೆ ಒಡೆಯುವ ಘಟಸ್ಫೋಟ. ಮರಳಿ ಸೇರುವುದಕ್ಕೂ ಪ್ರಾಯಶ್ಚಿತ್ತದ ವಿಧಿ ಇತ್ತು. ಆದರೆ ತಾವಾಗಿ ಹೊರಟವರು ಬಿಟ್ಟುಬಂದ ಗುರುಗಳಿಗೆ ಏನು ಉತ್ತರ ಕೊಡಬೇಕು, ಹೇಗೆ ಕೊಡಬೇಕು ಎಂಬುದಕ್ಕೆ ಯಾವ ವಿಧಿಯೂ ಇರಲಿಲ್ಲ. ಆ ಉತ್ತರವನ್ನು ಪ್ರತಿಯೊಬ್ಬರೂ ತಾವೇ ರೂಪಿಸಿಕೊಳ್ಳಬೇಕಾಗಿತ್ತು.

ಹೀಗೆ ರೂಪಿಸಿಕೊಂಡ ಉತ್ತರಗಳಲ್ಲಿ ಲಿಖಿತವಾಗಿ, ವಿವರವಾಗಿ ಉಳಿದುಬಂದಿರುವುದು ಪಂಡಿತಾ ರಮಾಬಾಯಿ (1858–1922) ಅವರದು. ಅವರು 1883ರಲ್ಲಿ ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನಲ್ಲಿ ಆಂಗ್ಲಿಕನ್ ಚರ್ಚಿನ ದೀಕ್ಷಾಸ್ನಾನ ಪಡೆದರು. ಆ ಬಳಿಕ ಅವರು ಉತ್ತರ ಕೊಡಬೇಕಾಗಿ ಬಂದದ್ದು ಒಬ್ಬರಿಗಲ್ಲ, ಇಬ್ಬರಿಗೆ: ತೊರೆದು ಬಂದ ಸಮಾಜದ ಮುಖಂಡರಿಗೆ ಮತ್ತು ಹೊಸದಾಗಿ ಸೇರಿದ ಚರ್ಚಿನ ಅಧಿಕಾರಿಗಳಿಗೆ. ರಮಾಬಾಯಿಯವರನ್ನು ಸಮಾಜ ಸುಧಾರಕಿ, ಸ್ತ್ರೀಶಿಕ್ಷಣದ ಪ್ರವರ್ತಕಿ ಎಂದು ಗುರುತಿಸುವ ಬರಹಗಳು ಸಾಕಷ್ಟಿವೆ. ಅವರು ಉತ್ತರ ಕೊಡುತ್ತಿದ್ದ ಕ್ರಮ ಯಾವುದು, ಆ ಕ್ರಮವನ್ನು ಅವರು ಎಲ್ಲಿಂದ ಪಡೆದರು ಎಂಬ ಪ್ರಶ್ನೆಗೆ ದೊರೆತಿರುವ ಗಮನ ಕಡಿಮೆ. ಪ್ರಸ್ತುತ ಲೇಖನದಲ್ಲಿ ಆ ಪ್ರಶ್ನೆಯನ್ನು ಕರ್ನಾಟಕದ ಪಶ್ಚಿಮ ಘಟ್ಟದ ಒಂದು ಪುರಾಣಿಕ ಕುಟುಂಬದ ಹಿನ್ನೆಲೆಯಲ್ಲಿ ಪರಿಶೀಲಿಸಲಾಗಿದೆ.

ಉಡುಪಿಯ ಸಭೆ

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಇಂದಿನ ಉಡುಪಿ ಜಿಲ್ಲೆಯ ಕಾರ್ಕಳದ ಬಳಿಯ ಮಾಳ ಪರಿಸರದವರು. ಘಟ್ಟದ ಬುಡದ ಈ ಪ್ರದೇಶದಲ್ಲಿ ಚಿತ್ಪಾವನ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ; ಮನೆಯೊಳಗೆ ತಮ್ಮದೇ ಆಡುಮಾತು, ಹೊರಗೆ ತುಳು ಮತ್ತು ಕನ್ನಡ ಅವರ ಬಳಕೆಯ ಭಾಷೆಗಳು. ಅನಂತಶಾಸ್ತ್ರಿಗಳು ವಿದ್ಯಾರ್ಥಿಯಾಗಿ ಪುಣೆಗೆ ಹೋದಾಗ ಅವರ ಗುರು ರಾಮಚಂದ್ರಶಾಸ್ತ್ರಿ ಸಾಠೆಯವರು ಪೇಶ್ವೆ ಎರಡನೆಯ ಬಾಜಿರಾಯನ ಪತ್ನಿಗೆ ಸಂಸ್ಕೃತ ಪಾಠ ಹೇಳುತ್ತಿದ್ದರು. ಹೆಣ್ಣೊಬ್ಬಳ ಬಾಯಲ್ಲಿ ಸಂಸ್ಕೃತ ಶ್ಲೋಕ ಕೇಳಿದ ತರುಣ ಶಾಸ್ತ್ರಿಗಳು ತಮ್ಮ ಪತ್ನಿಗೂ ಅದನ್ನು ಕಲಿಸಬೇಕೆಂದು ನಿಶ್ಚಯಿಸಿದರು. ಮೊದಲ ಪತ್ನಿಯಲ್ಲಿ ಈ ಆಸೆ ಕೈಗೂಡಲಿಲ್ಲ. ಎರಡನೆಯ ಪತ್ನಿ ಲಕ್ಷ್ಮೀಬಾಯಿ ಕಲಿತರು, ಮುಂದೆ ತಾವೇ ಕಲಿಸುವಷ್ಟು ಪ್ರವೀಣರಾದರು.

ಇದಕ್ಕೆ ವಿರೋಧ ಬಂತು. ಹೆಣ್ಣಿಗೆ ದೇವಭಾಷೆ ಕಲಿಸಿದ್ದಕ್ಕೆ ಕಾರಣ ಹೇಳಬೇಕು, ಇಲ್ಲವಾದರೆ ಜಾತಿಯಿಂದ ಹೊರಗಾಗಬೇಕು ಎಂಬ ಷರತ್ತಿನೊಡನೆ ಅನಂತಶಾಸ್ತ್ರಿಗಳಿಗೆ ಕೃಷ್ಣಾಪುರ ಮತ್ತು ಉಡುಪಿಯಿಂದ ಕರೆ ಬಂತು. ಅವರು ಮಾಧ್ವಪೀಠದ ಗುರುಗಳ ಮತ್ತು ಪಂಡಿತರ ಸಭೆಯ ಮುಂದೆ ನಿಂತು ಪ್ರಾಚೀನ ಗ್ರಂಥಗಳಿಂದ ಪ್ರಮಾಣಗಳನ್ನು ಒದಗಿಸಿದರು. ಸ್ತ್ರೀಯರೂ ಶೂದ್ರರೂ ಸಂಸ್ಕೃತದ ಪುರಾಣ ಸಾಹಿತ್ಯವನ್ನು ಕಲಿಯುವುದು ತಪ್ಪಲ್ಲ ಎಂಬ ಅವರ ವಾದವನ್ನು ಸಭೆ ಒಪ್ಪಿತು. ಬಹಿಷ್ಕಾರ ತಪ್ಪಿತು.

ಈ ಪ್ರಸಂಗದಲ್ಲಿ ಮೂರು ಅಂಶಗಳು ಗಮನಾರ್ಹ. ಮೊದಲನೆಯದು, ಗುರುಗಳು ಪ್ರಶ್ನಿಸಿದರು, ಶಿಷ್ಯ ಮೌನವಾಗಿ ತಲೆಬಾಗಲಿಲ್ಲ. ಹಾಗೆಂದು ಪ್ರಶ್ನಿಸುವ ಅಧಿಕಾರವನ್ನು ಅಲ್ಲಗಳೆಯಲೂ ಇಲ್ಲ. ಎರಡನೆಯದು, ವಾದ ನಡೆದದ್ದು ಗ್ರಂಥಾಧಾರದ ಮೇಲೆ. ಗುರುವಿನ ಮಾತಿಗಿಂತ ಗ್ರಂಥದ ಮಾತು ಮೇಲು ಎಂಬುದನ್ನು ಎರಡೂ ಕಡೆಯವರು ಒಪ್ಪಿದ್ದರು. ಮೂರನೆಯದು, ಅನಂತಶಾಸ್ತ್ರಿಗಳು ಗೆದ್ದದ್ದು ಮಿತಿಯೊಳಗೆ. ಅವರು ವೇದಾಧಿಕಾರವನ್ನು ಕೇಳಲಿಲ್ಲ. ಪುರಾಣದ ಮಟ್ಟದಲ್ಲಿಯೇ ನಿಂತರು. ಅವರು ಸಂಪ್ರದಾಯದೊಳಗೇ ಉಳಿದ ಸುಧಾರಕರು. ಈ ಮೂರರಲ್ಲಿ ಮೊದಲ ಎರಡನ್ನು ಮಗಳು ಉಳಿಸಿಕೊಂಡರು, ಮೂರನೆಯದನ್ನು ದಾಟಿದರು.

ಶಾಸ್ತ್ರಿಗಳು ನೆರೆಹೊರೆಯ ವಿರೋಧದಿಂದ ದೂರವಾಗಿ, ಮೈಸೂರು ಸೀಮೆಯ ಗಡಿಯಲ್ಲಿದ್ದ ಗಂಗಾಮೂಲದ ದಟ್ಟ ಕಾಡಿನಲ್ಲಿ ಮನೆ ಕಟ್ಟಿದರು. ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮಸ್ಥಾನವಾದ ಆ ಶಿಖರ ಪ್ರದೇಶ ಇಂದು ಚಿಕ್ಕಮಗಳೂರು ಜಿಲ್ಲೆಗೆ ಸೇರಿದೆ. 1858ರ ಏಪ್ರಿಲ್ 23ರಂದು ರಮಾಬಾಯಿ ಅಲ್ಲಿ ಜನಿಸಿದರು.

ಪುರಾಣಿಕರ ಮನೆ

ಮಗು ಆರು ತಿಂಗಳದ್ದಾಗಿದ್ದಾಗ ಕುಟುಂಬ ಗಂಗಾಮೂಲವನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಆದ್ದರಿಂದ ರಮಾಬಾಯಿಯವರ ವಾದಶಕ್ತಿಯನ್ನು ಹುಟ್ಟಿದ ನೆಲದ ಪ್ರಭಾವವೆಂದು ವಿವರಿಸುವುದು ಸಾಧ್ಯವಿಲ್ಲ. ತಾಳಮದ್ದಲೆಯ ಅರ್ಥಗಾರಿಕೆಯಂತಹ, ಮಾತಿಗೆ ಮಾತು ಕೊಡುವ ಕಲೆ ಬೆಳೆದ ಕರಾವಳಿ ಅವರ ಬಾಲ್ಯದ ಅನುಭವಕ್ಕೆ ಬರಲಿಲ್ಲ. ಅವರು ಪಡೆದದ್ದು ಊರಿನಿಂದ ಬಂದ ಸಂಸ್ಕಾರವಲ್ಲ, ಮನೆಯಿಂದ ಬಂದ ಸಂಸ್ಕಾರ. ಆ ಮನೆ ನಡೆದಾಡುವ ಮನೆಯಾಗಿತ್ತು.

ಮುಂದಿನ ಹದಿನೈದು ವರ್ಷಗಳ ಕಾಲ ಕುಟುಂಬ ಪುರಾಣ ವಾಚನದಿಂದ ಬದುಕಿತು. ದೇವಸ್ಥಾನದ ಮಂಟಪ, ಮರದ ನೆರಳು, ನದಿಯ ದಡ, ಕೆರೆಯ ಮೆಟ್ಟಿಲು ಇವೇ ಅವರ ಪೀಠಗಳು. ಹಸ್ತಪ್ರತಿಯನ್ನು ಎದುರಿಗಿಟ್ಟುಕೊಂಡು ರಾಗವಾಗಿ, ಗಟ್ಟಿಯಾಗಿ ಓದುವುದು. ಕೇಳಿದವರು ಹೂವು, ಹಣ್ಣು, ಬಟ್ಟೆ, ಕಾಸು ಇಡುವುದು. ಕಾಣಿಕೆ ಸಲ್ಲುತ್ತಿದ್ದುದು ಓದಿದವರಿಗಲ್ಲ, ಗ್ರಂಥಕ್ಕೆ. ಪುರಾಣಿಕ ಪದ್ಧತಿಯ ಒಂದು ಮುಖ್ಯ ತತ್ವ ಇದರಲ್ಲಿದೆ: ವಾಚಕನ ಜಾತಿ ವಯಸ್ಸುಗಳಿಗಿಂತ ವಾಚನದ ಶುದ್ಧಿ ಮುಖ್ಯ, ವ್ಯಕ್ತಿಗಿಂತ ಗ್ರಂಥ ಮುಖ್ಯ. ತಾಯಿ ನಸುಕಿನಲ್ಲಿ ಎಬ್ಬಿಸಿ ಹೇಳಿಕೊಟ್ಟ ಪಾಠದಿಂದ ರಮಾಬಾಯಿ ಭಾಗವತದ ಸಾವಿರಾರು ಶ್ಲೋಕಗಳನ್ನು ಕಂಠಸ್ಥ ಮಾಡಿಕೊಂಡಿದ್ದರು. ನಡೆದ ದಾರಿಯಿಂದ ಅವರಿಗೆ ಹಲವು ಭಾಷೆಗಳು ಬಂದವು. ಮರಾಠಿ, ಹಿಂದುಸ್ತಾನಿ, ಬಂಗಾಳಿಗಳ ಜೊತೆ ಕನ್ನಡವೂ ಅವುಗಳಲ್ಲಿ ಒಂದು.

ಈ ಜೀವನಕ್ರಮ ಕ್ಷಾಮದಲ್ಲಿ ಕುಸಿಯಿತು. 1870ರ ದಶಕದ ಬರಗಾಲದಲ್ಲಿ ಕಾಣಿಕೆ ನಿಂತಿತು. ಕುಟುಂಬ ವ್ರತ, ದಾನ, ಪೂಜೆಗಳಿಗೆ ಉಳಿದದ್ದನ್ನೆಲ್ಲ ವೆಚ್ಚಮಾಡಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣ ಶ್ರೀನಿವಾಸ ಮತ್ತು ರಮಾಬಾಯಿ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿನ ವಿದ್ವಾಂಸರು ಇಪ್ಪತ್ತರ ಹರೆಯದ ಹೆಣ್ಣಿನ ಸಂಸ್ಕೃತ ಪಾಂಡಿತ್ಯವನ್ನು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ನೀಡಿದರು. ತಂದೆ ಉಡುಪಿಯಲ್ಲಿ ಪತ್ನಿಗಾಗಿ ಎದುರಿಸಿದ ಪಂಡಿತ ಸಭೆಯನ್ನು ಮಗಳು ಕಲ್ಕತ್ತೆಯಲ್ಲಿ ತನಗಾಗಿ ಎದುರಿಸಿದರು.

ಹೊರಬಂದ ದಾರಿ

ರಮಾಬಾಯಿ ಹಿಂದೂ ಸಮಾಜದಿಂದ ಹೊರಬಂದದ್ದು ಒಂದು ದಿನದ ಘಟನೆಯಲ್ಲ. ಕಲ್ಕತ್ತೆಯಲ್ಲಿ ಸ್ತ್ರೀಯರಿಗೆ ಧರ್ಮೋಪದೇಶ ಮಾಡಲು ಕೇಳಿಕೊಂಡಾಗ ಅವರು ಧರ್ಮಶಾಸ್ತ್ರಗಳನ್ನು ಮತ್ತೆ ಓದತೊಡಗಿದರು. ಕೇಶವಚಂದ್ರ ಸೇನರು ವೇದವನ್ನೂ ಓದಲು ಪ್ರೇರೇಪಿಸಿದರು. ತಂದೆ ನಿಂತಲ್ಲೇ ನಿಂತಿದ್ದ ಗಡಿ ಇಲ್ಲಿ ದಾಟಿತು. ಅನೇಕ ವಿಷಯಗಳಲ್ಲಿ ಪರಸ್ಪರ ವಿರುದ್ಧವಾಗಿರುವ ಗ್ರಂಥಗಳು ಹೆಣ್ಣನ್ನು ಮತ್ತು ಶೂದ್ರನನ್ನು ಕೀಳೆಂದು ಕಾಣುವುದರಲ್ಲಿ ಮಾತ್ರ ಒಂದೇ ದನಿಯಾಗಿವೆ ಎಂಬ ತೀರ್ಮಾನಕ್ಕೆ ಅವರು ಬಂದರು. ಗ್ರಂಥವೇ ಪ್ರಮಾಣವೆಂದು ನಂಬಿ ಬೆಳೆದವರಿಗೆ ಗ್ರಂಥದಿಂದಲೇ ಬಂದ ಆಘಾತ ಇದು.

1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ನವೆಂಬರಿನಲ್ಲಿ ರಮಾಬಾಯಿ, ಶೂದ್ರವರ್ಗದವರೆಂದು ಎಣಿಸಲಾಗಿದ್ದ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿ ಅವರನ್ನು ನೋಂದಣಿಯ ಮೂಲಕ ವಿವಾಹವಾದರು. ಜಾತಿಯ ಕಟ್ಟು ಅಲ್ಲಿಗೆ ಮುರಿಯಿತು. 1882ರ ಫೆಬ್ರವರಿಯಲ್ಲಿ ಪತಿ ಕಾಲರಾದಿಂದ ತೀರಿಕೊಂಡಾಗ ಮಗಳು ಮನೋರಮಾಳಿಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ರಮಾಬಾಯಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು, ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದರು, 1883ರಲ್ಲಿ ವೈದ್ಯಕೀಯ ಕಲಿಯುವ ಉದ್ದೇಶದಿಂದ ಇಂಗ್ಲೆಂಡಿಗೆ ಹೊರಟರು. ಕಿವಿಯ ಮಂದತೆಯಿಂದಾಗಿ ಆ ಉದ್ದೇಶ ಈಡೇರಲಿಲ್ಲ. ಅವರು ಉಳಿದುಕೊಂಡದ್ದು ವಾಂಟೇಜಿನ ಸಂತ ಮೇರಿ ಕನ್ಯಾಮಠದಲ್ಲಿ. ಅಲ್ಲಿಯೂ ಅವರ ಮನಸ್ಸನ್ನು ತಿರುಗಿಸಿದ್ದು ಒಂದು ಬಗೆಯ ವಾದವೇ: ಚಿತ್ಪಾವನ ಪಂಡಿತರಾಗಿದ್ದು ಕ್ರೈಸ್ತರಾದ ನೆಹೆಮಿಯ ಗೋರೆ ಅವರ ಬರಹಗಳು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳು ಇಬ್ಬರಿಗೂ ದೀಕ್ಷಾಸ್ನಾನವಾಯಿತು.

ಪಶ್ಚಿಮ ಭಾರತದಲ್ಲಿ ಈ ಸುದ್ದಿ ದೊಡ್ಡ ಕೋಲಾಹಲವನ್ನೆಬ್ಬಿಸಿತು. ಬೆಂಬಲಿಸಿ ಬರೆದವರು ವಿರಳ. ಅವರಲ್ಲಿ ಜ್ಯೋತಿರಾವ್ ಫುಲೆ ಪ್ರಮುಖರು. 1885ರಲ್ಲಿ ‘ಸತ್ಸಾರ’ದಲ್ಲಿ ಅವರು ರಮಾಬಾಯಿಯವರ ನಿರ್ಧಾರವನ್ನು ಸಮರ್ಥಿಸಿದರು.

ಕರಾವಳಿ ಕರ್ನಾಟಕಕ್ಕೆ ಇಂತಹ ಕೋಲಾಹಲ ಹೊಸದಾಗಿರಲಿಲ್ಲ. ನಾಲ್ಕು ದಶಕಗಳ ಹಿಂದೆ, 1844ರ ಜನವರಿಯಲ್ಲಿ, ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ ಬಾಸೆಲ್ ಮಿಶನ್ನಿನಲ್ಲಿ ದೀಕ್ಷಾಸ್ನಾನ ಪಡೆದಿದ್ದರು. ಹೆರ್ಮನ್ ಮೋಗ್ಲಿಂಗರ ಶಿಷ್ಯರಾದ ಕೌಂಡಿನ್ಯರು ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದರು. ಕೊಡಗಿನ ಆನಂದಪುರ ಅವರ ಹೆಸರನ್ನು ಉಳಿಸಿಕೊಂಡಿದೆ. ಎರಡು ಪ್ರಕರಣಗಳ ನಡುವಿನ ಅಂತರ ಸ್ಪಷ್ಟ. ಕೌಂಡಿನ್ಯರು ಒಂದು ಧರ್ಮಪೀಠವನ್ನು ಬಿಟ್ಟು ಇನ್ನೊಂದರೊಳಗೆ ತಾವೇ ಗುರುವಾದರು. ಹೆಣ್ಣಾದ ರಮಾಬಾಯಿಯವರಿಗೆ ಆ ದಾರಿ ಮುಚ್ಚಿತ್ತು. ಎರಡೂ ಕಡೆ ಅವರು ಪ್ರಶ್ನೆಗೆ ಒಳಗಾಗುವವರ ಸ್ಥಾನದಲ್ಲಿಯೇ ಉಳಿದರು.

ವಾಂಟೇಜಿನ ಪತ್ರಗಳು

1884ರಲ್ಲಿ ರಮಾಬಾಯಿ ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿಗೆ ಸೇರಿದರು. ಅಲ್ಲಿ ಅವರು ವಿದ್ಯಾರ್ಥಿನಿಯೂ ಹೌದು, ಸಂಸ್ಕೃತದ ಅಧ್ಯಾಪಕಿಯೂ ಹೌದು. ವಾಂಟೇಜಿನ ಸಿಸ್ಟರ್ ಜೆರಾಲ್ಡೀನ್ ಅವರ ಧರ್ಮಮಾತೆ. ಜೆರಾಲ್ಡೀನ್, ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲ್, ಕ್ಯಾನನ್ ಬಟ್ಲರ್, ಭಾರತದಲ್ಲಿದ್ದ ಬಿಷಪ್ಪರು ಇವರೆಲ್ಲರ ನಡುವೆ ಮುಂದಿನ ಎರಡು ವರ್ಷ ನಡೆದ ಪತ್ರವ್ಯವಹಾರ ಈ ಅಧ್ಯಯನದ ಮುಖ್ಯ ಆಕರ. ಜೆರಾಲ್ಡೀನ್ ಸಂಗ್ರಹಿಸಿಟ್ಟ ಈ ಪತ್ರಗಳು ಎ. ಬಿ. ಶಾ ಅವರ ಸಂಪಾದನೆಯಲ್ಲಿ 1977ರಲ್ಲಿ ಮುಂಬಯಿಯಿಂದ ಪ್ರಕಟವಾದವು. ಪ್ರಶ್ನಿಸಿದವರೇ ಉತ್ತರಗಳನ್ನೂ ಕಾಪಾಡಿದರು ಎಂಬುದು ಈ ಆಕರದ ವೈಶಿಷ್ಟ್ಯ. ಶಿಷ್ಯೆಯ ಹಟಕ್ಕೆ ಸಾಕ್ಷಿಯೆಂದು ಅವರು ಕಂಡ ಕಾಗದಗಳು ಇಂದಿನ ಓದುಗರಿಗೆ ಬೇರೆಯದೇ ಅರ್ಥ ಕೊಡುತ್ತವೆ.

ವಿವಾದದ ವಿಷಯಗಳು ಮೇಲ್ನೋಟಕ್ಕೆ ಚಿಕ್ಕವು. ರಮಾಬಾಯಿ ಮಾಂಸ, ಮೊಟ್ಟೆ ಮುಟ್ಟುತ್ತಿರಲಿಲ್ಲ. ಇದು ಇನ್ನೂ ಬಿಡದ ಜಾತಿಯ ಅಹಂಕಾರವೆಂದು ಜೆರಾಲ್ಡೀನ್ ಭಾವಿಸಿದರು. ತಾನು ಹಿಂದುವಾಗಿಯೇ ಹುಟ್ಟಿದವಳು, ಹಾಗೆ ಕರೆಸಿಕೊಳ್ಳುವುದು ತನಗೆ ಇಷ್ಟ, ಹೊಸ ನಂಬಿಕೆಗೆ ಅಡ್ಡಿಯಾಗದ ಪೂರ್ವಿಕರ ರೂಢಿಗಳನ್ನು ಸಾಧ್ಯವಾದಷ್ಟು ಪಾಲಿಸುತ್ತೇನೆ ಎಂಬುದು ರಮಾಬಾಯಿಯವರ ಉತ್ತರವಾಗಿತ್ತು. ಇಲ್ಲಿ ‘ಹಿಂದು’ ಎಂಬುದು ಮತದ ಹೆಸರಲ್ಲ, ನೆಲದ ಮತ್ತು ರೂಢಿಯ ಹೆಸರು. ಶಿಲುಬೆಯ ಮೇಲಿನ ಬರಹದ ಬಗ್ಗೆಯೂ ಚರ್ಚೆಯಾಯಿತು. ಅದು ಲ್ಯಾಟಿನ್‌ನಲ್ಲಿಯೇ ಏಕೆ ಇರಬೇಕು, ತನ್ನ ಪೂರ್ವಿಕರ ಸಂಸ್ಕೃತಕ್ಕಿಂತ ಅದು ಹೇಗೆ ಹೆಚ್ಚು ಪವಿತ್ರ ಎಂದು ಅವರು ಕೇಳಿದರು. ಹೆಣ್ಣಿಗೆ ಸಂಸ್ಕೃತವೇಕೆ ಎಂದು ತಂದೆಯನ್ನು ಉಡುಪಿಯಲ್ಲಿ ಕೇಳಿದ್ದರು. ಕ್ರೈಸ್ತಳಿಗೆ ಸಂಸ್ಕೃತವೇಕೆ ಎಂಬುದು ಮಗಳಿಗೆ ಎದುರಾದ ಪ್ರಶ್ನೆ.

ತತ್ವದ ಪ್ರಶ್ನೆಗಳು ಇನ್ನೂ ಗಂಭೀರವಾದವು. ತ್ರಯೇಕ ದೇವರ ಕಲ್ಪನೆ, ಯೇಸುವಿನ ಜನನದ ಅದ್ಭುತ, ಚರ್ಚಿನ ಕೆಲವು ವಿಶ್ವಾಸಸೂತ್ರಗಳು ಇವುಗಳನ್ನು ಬೈಬಲ್ಲಿನ ಆಧಾರವಿಲ್ಲದೆ ಒಪ್ಪಲು ಅವರು ಸಿದ್ಧರಿರಲಿಲ್ಲ. ತನಗೇ ತಿಳಿಯದ ರಹಸ್ಯಗಳನ್ನು ಎಳೆಯ ಮಗಳಿಗೆ ಬಾಯಿಪಾಠ ಮಾಡಿಸುವುದನ್ನೂ ಅವರು ವಿರೋಧಿಸಿದರು. ಸಾವಿರಾರು ಶ್ಲೋಕಗಳನ್ನು ಬಾಯಿಪಾಠದಿಂದಲೇ ಕಲಿತವರು ಹೀಗೆ ಹೇಳಿದರೆಂಬುದನ್ನು ಇಲ್ಲಿ ನೆನೆಯಬೇಕು. ಕಂಠಸ್ಥ ಮಾಡುವುದು ಬೇರೆ, ಒಪ್ಪುವುದು ಬೇರೆ ಎಂಬ ಭೇದ ಪುರಾಣಿಕರ ಮನೆಯ ಮಗಳಿಗೆ ಚೆನ್ನಾಗಿ ಗೊತ್ತಿತ್ತು.

ಪತ್ರವ್ಯವಹಾರದ ಶಿಖರವೆನ್ನಬಹುದಾದ ಪತ್ರ 1885ರ ಮೇ ತಿಂಗಳದು. ಅದರಲ್ಲಿ ರಮಾಬಾಯಿ ತಮ್ಮ ನಿಲುವನ್ನು ನೇರವಾಗಿ ಮುಂದಿಟ್ಟರು. ತಾನು ಕ್ರಿಸ್ತಸಭೆಯ ಸದಸ್ಯೆಯೇನೋ ನಿಜ. ಹಾಗೆಂದು ಪಾದ್ರಿಗಳ, ಬಿಷಪ್ಪರ ಬಾಯಿಂದ ಬಿದ್ದ ಪ್ರತಿಯೊಂದು ಮಾತನ್ನೂ ಒಪ್ಪಬೇಕಾಗಿಲ್ಲ. ಭಾರತದ ಪುರೋಹಿತವರ್ಗದ ನೊಗದಿಂದ ಬಹು ಕಷ್ಟಪಟ್ಟು ಈಗತಾನೇ ಬಿಡಿಸಿಕೊಂಡಿದ್ದೇನೆ. ಅಂಥದೇ ಇನ್ನೊಂದು ನೊಗಕ್ಕೆ ಕೊರಳೊಡ್ಡಲು ಸಿದ್ಧಳಿಲ್ಲ. ತನಗೂ ಅಂತಃಸಾಕ್ಷಿಯಿದೆ, ಬುದ್ಧಿಯಿದೆ, ವಿವೇಚನೆಯಿದೆ. ಇದು ಆ ಪತ್ರದ ಸಾರಾಂಶ. ದೇವರಿಗೆ ವಿಧೇಯತೆ ಮತ್ತು ದೇವರ ಹೆಸರಿನಲ್ಲಿ ಮಾತನಾಡುವವರಿಗೆ ವಿಧೇಯತೆ ಇವೆರಡನ್ನು ಅವರು ಇಲ್ಲಿ ಬೇರ್ಪಡಿಸಿದ್ದಾರೆ.

ಇದೇ ಕಾಲದಲ್ಲಿ ಎದ್ದ ಇನ್ನೊಂದು ಪ್ರಶ್ನೆ ಉಡುಪಿಯ ಸಭೆಯನ್ನು ನೇರವಾಗಿ ನೆನಪಿಗೆ ತರುತ್ತದೆ. ರಮಾಬಾಯಿ ಇಂಗ್ಲಿಷ್ ಪುರುಷರಿಗೆ ಪಾಠ ಹೇಳಬಹುದೇ ಎಂಬುದು ಆ ಪ್ರಶ್ನೆ. ಭಾರತದಲ್ಲಿದ್ದ ಬಿಷಪ್ಪರು ಆಕ್ಷೇಪಿಸಿದರು. ಹಾಗೆ ಮಾಡಿದರೆ ತಾಯ್ನಾಡಿನ ಹೆಂಗಸರ ನಡುವೆ ಅವರ ಪ್ರಭಾವ ಕುಗ್ಗುತ್ತದೆಂಬುದು ಅವರ ಕಾರಣ. ರಮಾಬಾಯಿ ಆಶ್ಚರ್ಯ ಸೂಚಿಸಿ ಬರೆದರು: ತಾಯಿ ತರುಣರಿಗೆ ಪಾಠ ಹೇಳಿದಾಗ ತಂದೆ ಆಕ್ಷೇಪಿಸಲಿಲ್ಲ, ತಾನು ಹೇಳಿದಾಗ ಪತಿ ಆಕ್ಷೇಪಿಸಲಿಲ್ಲ, ಕೆಲವು ಆಂಗ್ಲರು ಆಕ್ಷೇಪಿಸುತ್ತಿರುವುದು ವಿಚಿತ್ರ. ತೊರೆದುಬಂದ ಮನೆಯ ಮೇಲ್ಪಂಕ್ತಿಯನ್ನು ಸೇರಿದ ಮನೆಯ ಹಿರಿಯರ ಮುಂದೆ ಪ್ರಮಾಣವಾಗಿ ಇಟ್ಟ ಈ ವಾದ ಅವರ ಉತ್ತರಗಳ ಸ್ವರೂಪವನ್ನೇ ತೋರಿಸುತ್ತದೆ. ಅವರು ಮತವನ್ನು ಬಿಟ್ಟರು, ಮನೆಯನ್ನು ಅಲ್ಲಗಳೆಯಲಿಲ್ಲ.

ಪುಣೆಯ ವಿವಾದ

1886ರಲ್ಲಿ ರಮಾಬಾಯಿ ಅಮೆರಿಕಕ್ಕೆ ಹೋದರು. 1887ರಲ್ಲಿ ‘ದಿ ಹೈ ಕಾಸ್ಟ್ ಹಿಂದೂ ವುಮನ್’ ಪ್ರಕಟವಾಯಿತು. ಅದೇ ವರ್ಷದ ಕೊನೆಯಲ್ಲಿ ಬೋಸ್ಟನ್ನಿನಲ್ಲಿ ಅವರ ಕಾರ್ಯಕ್ಕೆ ಹಣ ಒದಗಿಸುವ ಸಂಘ ರೂಪುಗೊಂಡಿತು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಉಚ್ಚವರ್ಣದ ವಿಧವೆಯರಿಗಾಗಿ ಶಾರದಾ ಸದನ ತೆರೆಯಿತು. ಮರುವರ್ಷ ಅದು ಪುಣೆಗೆ ಬಂತು. ಮತಬೋಧೆ ಮಾಡುವುದಿಲ್ಲ, ಯಾರ ಆಚಾರಕ್ಕೂ ಅಡ್ಡಿಯಿಲ್ಲ ಎಂಬ ಭರವಸೆಯ ಮೇಲೆ ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಂಡಾರ್ಕರ್ ಮೊದಲಾದವರು ಸಲಹಾ ಮಂಡಳಿಯಲ್ಲಿ ಸೇರಿದ್ದರು. ಆರಂಭದ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಗೋದೂಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದದ್ದು ವಿಧವಾ ವಿವಾಹದ ಇತಿಹಾಸದಲ್ಲಿ ಪ್ರಸಿದ್ಧ.

ಕೆಲವು ಹುಡುಗಿಯರು ರಮಾಬಾಯಿಯವರ ಖಾಸಗಿ ಪ್ರಾರ್ಥನೆಯ ವೇಳೆ ಬಂದು ಕುಳಿತುಕೊಳ್ಳತೊಡಗಿದಾಗ ವಿವಾದ ಹುಟ್ಟಿತು. ತಿಲಕರ ‘ಕೇಸರಿ’ ತೀವ್ರವಾಗಿ ಟೀಕಿಸಿತು. ಪ್ರಾರ್ಥನೆಗೆ ಯಾರನ್ನೂ ಕರೆದಿಲ್ಲ, ತಡೆಯುವುದೂ ಇಲ್ಲ, ತನ್ನ ದೇವರನ್ನು ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸುವುದಿಲ್ಲ ಎಂಬುದು ರಮಾಬಾಯಿಯವರ ನಿಲುವಾಗಿತ್ತು. 1893ರಲ್ಲಿ ರಾನಡೆ, ಭಂಡಾರ್ಕರ್ ಮತ್ತಿತರರು ಮಂಡಳಿಯಿಂದ ಹೊರಬಂದರು. ಅನೇಕ ಪಾಲಕರು ಹುಡುಗಿಯರನ್ನು ಹಿಂದಕ್ಕೆ ಕರೆದುಕೊಂಡರು.

ಈ ಪ್ರಕರಣವನ್ನು ಸುಧಾರಣೆ ಮತ್ತು ಸಂಪ್ರದಾಯಗಳ ನಡುವಿನ ಹೋರಾಟವೆಂದು ಮಾತ್ರ ಓದುವುದು ಸಾಲದು. ರಾನಡೆ, ಭಂಡಾರ್ಕರ್ ಸಂಪ್ರದಾಯವಾದಿಗಳಾಗಿರಲಿಲ್ಲ. ವಿಧವಾ ವಿವಾಹದ ಪರವಾಗಿ ನಿಂತವರು. ಕೊಟ್ಟ ಭರವಸೆ ಮುರಿಯಿತೆಂಬ ಅವರ ದೂರಿಗೆ ನೆಲೆಯಿತ್ತು. ಆಶ್ರಯಕ್ಕೆ ಬೇರೆ ದಾರಿಯಿಲ್ಲದ ಬಾಲವಿಧವೆಯ ಮುಂದೆ ತೆರೆದಿಟ್ಟ ಬಾಗಿಲು ಎಷ್ಟರಮಟ್ಟಿಗೆ ಒತ್ತಾಯವಿಲ್ಲದ ಬಾಗಿಲು ಎಂಬ ಪ್ರಶ್ನೆಯೂ ನ್ಯಾಯವಾದದ್ದು. ಚರ್ಚಿಗೆ ಉತ್ತರ ಬರೆಯುವಾಗ ರಮಾಬಾಯಿ ಅಧಿಕಾರದ ಎದುರು ನಿಂತ ಒಂಟಿ ಹೆಣ್ಣು. ಶಾರದಾ ಸದನದಲ್ಲಿ ಅವರೇ ಅಧಿಕಾರ. ಇನ್ನೊಂದೆಡೆ, ಅವರನ್ನು ಪ್ರಶ್ನಿಸಿದ ಸಮಾಜ ಆ ವಿಧವೆಯರಿಗೆ ಬೇರೆ ಸೂರನ್ನು ಒದಗಿಸಿರಲಿಲ್ಲ. ಅಂತಹ ಸೂರನ್ನು ಕರ್ವೆಯವರು 1896ರಲ್ಲಿ ಕಟ್ಟತೊಡಗಿದರು. ಪುಣೆ ರಮಾಬಾಯಿಯವರಿಗೆ ಕೊಟ್ಟ ಉತ್ತರಗಳಲ್ಲಿ ಹೆಚ್ಚು ಫಲಕೊಟ್ಟದ್ದು ಇದೇ ಎನ್ನಬೇಕು.

ಈ ಹೊತ್ತಿಗೆ ರಮಾಬಾಯಿಯವರ ನಂಬಿಕೆಯಲ್ಲಿಯೂ ಬದಲಾವಣೆಯಾಗಿತ್ತು. 1891ರ ಸುಮಾರಿಗೆ ಅವರು ಭಕ್ತಿಪ್ರಧಾನವಾದ, ವೈಯಕ್ತಿಕ ಅನುಭವಕ್ಕೆ ಒತ್ತುಕೊಡುವ ಕ್ರೈಸ್ತಮಾರ್ಗದತ್ತ ಸರಿದರು. 1896–97ರ ಬರಗಾಲದಲ್ಲಿ ಹಸಿದ ಹೆಣ್ಣುಮಕ್ಕಳನ್ನು ಕರೆತಂದು ಪುಣೆ ಬಳಿಯ ಕೇಡಗಾಂವಿನಲ್ಲಿ ‘ಮುಕ್ತಿ’ ಆಶ್ರಮವನ್ನು ಬೆಳೆಸಿದರು. ತಂದೆತಾಯಿಯನ್ನು ಕ್ಷಾಮಕ್ಕೆ ಕಳೆದುಕೊಂಡವರಿಗೆ ಅದು ಬರಿಯ ಸೇವಾಕಾರ್ಯವಾಗಿರಲಿಲ್ಲ. 1912ರ ಹೊತ್ತಿಗೆ ಮಗಳು ಮನೋರಮಾ ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಲಬುರಗಿಯಲ್ಲಿ ಶಾಲೆ ಆರಂಭಿಸುವುದರೊಂದಿಗೆ ಕನ್ನಡ ನೆಲದೊಡನೆ ಕುಟುಂಬದ ಸಂಬಂಧ ಮತ್ತೊಮ್ಮೆ ಕುದುರಿತು.

ನೆನಪಿನಲ್ಲಿ ಉಳಿದ ತಂದೆ

ಇಲ್ಲಿ ಆಕರದ ಕುರಿತು ಒಂದು ಪ್ರಶ್ನೆ ಏಳುತ್ತದೆ. ಉಡುಪಿಯ ಸಭೆಯ ವೃತ್ತಾಂತ ಮುಖ್ಯವಾಗಿ ಉಳಿದುಬಂದಿರುವುದು ರಮಾಬಾಯಿಯವರು 1907ರಲ್ಲಿ ಪ್ರಕಟಿಸಿದ ಆತ್ಮನಿವೇದನೆಯಲ್ಲಿ. ಅವರು ಹುಟ್ಟುವ ಮೊದಲೇ ಆರಂಭವಾದ ಕಥೆಯನ್ನು ಮನೆಯಲ್ಲಿ ಕೇಳಿ, ಮತಾಂತರವಾಗಿ ಇಪ್ಪತ್ತನಾಲ್ಕು ವರ್ಷ ಕಳೆದ ಮೇಲೆ ದಾಖಲಿಸಿದ್ದಾರೆ. ಜಾನಪದದ ಪರಿಭಾಷೆಯಲ್ಲಿ ಇದು ಕುಟುಂಬ ಐತಿಹ್ಯ. ಐತಿಹ್ಯವು ಹೇಳುವವರ ಇಂದಿನ ಅಗತ್ಯಕ್ಕೆ ತಕ್ಕಂತೆ ಆಯ್ಕೆ ಮಾಡಿಕೊಳ್ಳುತ್ತದೆ. ಧರ್ಮಗುರುಗಳ ಎದುರು ಜೀವಮಾನವಿಡೀ ಉತ್ತರ ಕೊಟ್ಟವರು, ತಂದೆಯೂ ಹಾಗೆಯೇ ಉತ್ತರ ಕೊಟ್ಟವರೆಂದು ನೆನೆದದ್ದು ಸಹಜ. ಹಾಗೆಂದು ಕಥೆ ಕಟ್ಟಿದ್ದೆಂದು ಹೇಳಲಾಗದು. 1885ರ ಪತ್ರಗಳಲ್ಲಿಯೇ ತಾಯಿಯ ಪಾಠ, ತಂದೆಯ ಸಮ್ಮತಿ ಪ್ರಮಾಣವಾಗಿ ಬಂದಿವೆ. ಐತಿಹ್ಯ ಉಳಿದದ್ದು ಬಳಕೆಯಲ್ಲಿದ್ದುದರಿಂದ.

ಅದೇ ಬರಹದಲ್ಲಿ ತಂದೆಯ ಕೊನೆಯ ದಿನಗಳ ಚಿತ್ರವಿದೆ. ಕಣ್ಣು ಕಾಣದ, ಹಸಿವಿನಿಂದ ಸೋತ ಮುದುಕ ಕಿರಿಯ ಮಗಳನ್ನು ತಬ್ಬಿಕೊಂಡು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ಬದುಕೆಲ್ಲ ಅವನ ಸೇವೆಯಲ್ಲಿರು ಎಂಬ ಅರ್ಥದ ಮಾತು ಹೇಳುತ್ತಾನೆ. ಮಗಳು ಹೋದ ದಾರಿ ತಂದೆ ಕಲ್ಪಿಸಿದ್ದಲ್ಲ. ಆದರೂ ತಂದೆಯ ಆ ಪ್ರಾರ್ಥನೆಯನ್ನು ದೇವರು ಕೇಳಿದನೆಂದೇ ಮಗಳು ಬರೆದಿದ್ದಾರೆ. ಘಟಸ್ಫೋಟದಲ್ಲಿ ಸಮುದಾಯ ಬದುಕಿರುವವರನ್ನು ಸತ್ತವರೆಂದು ಸಾರುತ್ತದೆ. ಇಲ್ಲಿ ಹೊರಗೆ ಹೋದವರು ಒಳಗೆ ಸತ್ತವರನ್ನು ತಮ್ಮವರೆಂದು ಉಳಿಸಿಕೊಂಡಿದ್ದಾರೆ.

ಸಮಾರೋಪ

ಮೇಲಿನ ವಿವರಗಳಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮತವನ್ನು ತೊರೆಯುವುದೆಂದರೆ ಅದರ ಅಧಿಕಾರವನ್ನು, ಆಚರಣೆಯನ್ನು, ತತ್ವವನ್ನು, ನೆನಪನ್ನು ಒಟ್ಟಿಗೆ ತೊರೆಯುವುದಲ್ಲ. ರಮಾಬಾಯಿ ಅಧಿಕಾರವನ್ನೂ ತತ್ವವನ್ನೂ ಬಿಟ್ಟರು, ಆಚರಣೆಯಲ್ಲಿ ಬೇಕಾದುದನ್ನು ಆರಿಸಿಕೊಂಡರು, ನೆನಪನ್ನು ಪೂರ್ತಿಯಾಗಿ ಉಳಿಸಿಕೊಂಡರು. ಇದಕ್ಕಿಂತ ಮುಖ್ಯವಾಗಿ, ಉತ್ತರ ಕೊಡುವ ಕ್ರಮವನ್ನು ಜೊತೆಯಲ್ಲಿ ಒಯ್ದರು. ಗ್ರಂಥವನ್ನು ತೋರಿಸಿ ಎಂದು ಗುರುವನ್ನು ಕೇಳುವುದು, ಗ್ರಂಥದ ಮಾತು ಬುದ್ಧಿಗೆ ಒಪ್ಪದಿದ್ದರೆ ಹಾಗೆಂದು ಹೇಳುವುದು, ಹೇಳಿಯೂ ಸಂಬಂಧವನ್ನು ಕಡಿದುಕೊಳ್ಳದಿರುವುದು ಈ ಕ್ರಮದ ಲಕ್ಷಣಗಳು. ಜೆರಾಲ್ಡೀನ್ ಅವರೊಡನೆ ಅಷ್ಟು ನಿಷ್ಠುರವಾಗಿ ವಾದಿಸಿದ ಮೇಲೂ ರಮಾಬಾಯಿ ಮಗಳನ್ನು ಅವರ ಆರೈಕೆಗೆ ಒಪ್ಪಿಸಿದ್ದುಂಟು.

ಕೊನೆಯ ವರ್ಷಗಳಲ್ಲಿ ಅವರು ಹೀಬ್ರೂ, ಗ್ರೀಕ್ ಕಲಿತು ಬೈಬಲ್ಲನ್ನು ಸಾಮಾನ್ಯ ಹೆಂಗಸರಿಗೆ ತಿಳಿಯುವ ಮರಾಠಿಗೆ ತಂದರು. ಚರ್ಚು ಒಪ್ಪಿದ ಅನುವಾದವೊಂದು ಇರುವಾಗ ಮತ್ತೊಂದು ಏಕೆ ಎಂಬ ಪ್ರಶ್ನೆಗೆ ಆ ಕೆಲಸವೇ ಉತ್ತರವಾಯಿತು. ಮನೋರಮಾ 1921ರಲ್ಲಿ ತೀರಿಕೊಂಡರು. 1922ರ ಏಪ್ರಿಲ್ 5ರಂದು, ಅನುವಾದದ ಕೆಲಸ ಮುಗಿದ ಬೆನ್ನಿಗೆ, ರಮಾಬಾಯಿ ನಿಧನರಾದರು. ಹೆಣ್ಣಿಗೆ ಪವಿತ್ರ ಗ್ರಂಥದ ಭಾಷೆಯನ್ನು ಕಲಿಸಿದ್ದಕ್ಕಾಗಿ ತಂದೆ ಸಭೆಯ ಮುಂದೆ ನಿಂತಿದ್ದರು. ಮಗಳು ಪವಿತ್ರ ಗ್ರಂಥವನ್ನೇ ಹೆಂಗಸರ ಆಡುಭಾಷೆಗೆ ಇಳಿಸಿದರು. ಎರಡು ಬೇರೆ ಮತಗಳೊಳಗೆ ನಡೆದ ಈ ಎರಡು ಕೆಲಸಗಳು ಒಂದೇ ವಾದದ ಎರಡು ಭಾಗಗಳು.